ಕಥನದ ರಾಣಿ, ಕಡತದ ರಾಣಿ: ಪುತ್ತೂರು, ಸುಳ್ಯ, ಕಡಬ ಸೀಮೆಯ ಅರಸಿಯರನ್ನು ಓದುವ ಬಗೆ

1. ಪ್ರವೇಶ

ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳು ದಕ್ಷಿಣ ಕನ್ನಡ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಘಟ್ಟದ ಬುಡಕ್ಕೆ ಹೊಂದಿಕೊಂಡಿವೆ. ಇವುಗಳಲ್ಲಿ ಕಡಬವು ಪುತ್ತೂರು ಮತ್ತು ಸುಳ್ಯ ತಾಲೂಕುಗಳ ಗ್ರಾಮಗಳನ್ನು ಕೂಡಿಸಿ 2010ರ ದಶಕದ ಕೊನೆಯಲ್ಲಿ ರೂಪುಗೊಂಡ ಹೊಸ ತಾಲೂಕು. ಆಡಳಿತದ ಗಡಿಗಳು ಈಚಿನವಾದರೂ ಈ ಸೀಮೆಯ ರಾಜಕೀಯ ಚರಿತ್ರೆ ಒಂದೇ ಎಳೆಯದು. ಕೆಳದಿ ಅರಸರ ಅಧೀನದಲ್ಲಿದ್ದ ಈ ಪ್ರದೇಶ 18ನೇ ಶತಮಾನದಲ್ಲಿ ಕೆಳದಿ, ಕೊಡಗು ಮತ್ತು ಮೈಸೂರುಗಳ ನಡುವೆ ಕೈ ಬದಲಾಯಿಸಿತು. 1804ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಪಂಜ ಮತ್ತು ಬೆಳ್ಳಾರೆ ಭಾಗಗಳನ್ನು ಕೊಡಗಿನ ಅರಸನಿಗೆ ಬಿಟ್ಟುಕೊಟ್ಟಿತು. 1834ರಲ್ಲಿ ಕೊಡಗು ಕಂಪನಿಯ ವಶವಾದಾಗ ಘಟ್ಟದ ಕೆಳಗಿನ ಈ ಭಾಗಗಳು ಮತ್ತೆ ಕೆನರಾ ಜಿಲ್ಲೆಗೆ ಸೇರಿದವು.

ಈ ಸೀಮೆಯನ್ನು ಆಳಿದ ಎರಡು ವೀರಶೈವ ಅರಸುಮನೆತನಗಳಲ್ಲಿ ಮೂವರು ಸ್ತ್ರೀಯರು ಪಟ್ಟವೇರಿದ್ದಾರೆ. ಕೆಳದಿಯ ಚೆನ್ನಮ್ಮಾಜಿ (1671-1696), ಅದೇ ಮನೆತನದ ವೀರಮ್ಮಾಜಿ (1757-1763) ಮತ್ತು ಕೊಡಗಿನ ದೇವಮ್ಮಾಜಿ (1809-1811) ಆ ಮೂವರು. ಮೊದಲನೆಯವಳು ವೀರರಾಣಿಯಾಗಿ ಪಠ್ಯಪುಸ್ತಕಗಳಲ್ಲಿ ನೆಲೆಸಿದ್ದಾಳೆ. ಎರಡನೆಯವಳು ಕಳಂಕಿತೆಯಾಗಿ ನೆನಪಿನಲ್ಲಿದ್ದಾಳೆ. ಮೂರನೆಯವಳು ಹೆಚ್ಚುಕಡಿಮೆ ಮರೆತೇಹೋಗಿದ್ದಾಳೆ. ವೀರತೆ, ಕಳಂಕ ಮತ್ತು ಮರೆವು ಎಂಬ ಈ ಮೂರು ಸ್ಥಿತಿಗಳು ಆ ಸ್ತ್ರೀಯರ ಬದುಕಿನಿಂದಲೇ ಹುಟ್ಟಿದವೇ, ಅಥವಾ ನಾವು ಬಳಸುತ್ತಿರುವ ಆಕರಗಳ ಸ್ವರೂಪದಿಂದ ಹುಟ್ಟಿದವೇ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ಇದೇ ಪ್ರಶ್ನೆಯನ್ನು ಪ್ರಾಚೀನ ಪರ್ಷಿಯಾದ ಅರಮನೆಯ ಸ್ತ್ರೀಯರ ಕುರಿತ ಅಧ್ಯಯನವು ಕಳೆದ ಅರ್ಧ ಶತಮಾನದಲ್ಲಿ ಎದುರಿಸಿದೆ. ಅಲ್ಲಿ ದೊರೆತ ಉತ್ತರ ನಮ್ಮ ಸೀಮೆಯ ಅಧ್ಯಯನಕ್ಕೂ ಒಂದು ದಾರಿಯನ್ನು ತೋರಿಸುತ್ತದೆ. ಆದುದರಿಂದ ಮೊದಲು ಅದನ್ನು ಪರಿಶೀಲಿಸುವುದು ಸೂಕ್ತ.

2. ಪರ್ಷಿಯಾದ ಎರಡು ಬಗೆಯ ಆಕರಗಳು

ಕ್ರಿ.ಪೂ. 6ರಿಂದ 4ನೇ ಶತಮಾನದವರೆಗೆ ಪರ್ಷಿಯಾವನ್ನು ಆಳಿದ ಅಖಮೆನಿಡ್ ಅರಸರ ರಾಣಿಯರನ್ನು ಜಗತ್ತು ಬಹುಕಾಲ ಗ್ರೀಕ್ ಬರಹಗಾರರ ಮೂಲಕವೇ ತಿಳಿದುಕೊಂಡಿತ್ತು. ಹೆರೊಡೋಟಸ್‌ನ ಚರಿತ್ರೆಯಲ್ಲಿ ಸೈರಸ್‌ನ ಮಗಳೂ ಡೇರಿಯಸ್‌ನ ರಾಣಿಯೂ ಆದ ಅಟೊಸ್ಸಾ, ತನಗೆ ಗ್ರೀಕ್ ದಾಸಿಯರು ಬೇಕೆಂದು ಹಾಸಿಗೆಯಲ್ಲಿ ಗಂಡನನ್ನು ಗ್ರೀಸಿನ ಮೇಲೆ ದಂಡೆತ್ತಲು ಪ್ರೇರೇಪಿಸುತ್ತಾಳೆ. ಕ್ಸೆರ್‌ಕ್ಸೀಸ್‌ನ ರಾಣಿ ಅಮೆಸ್ಟ್ರಿಸ್ ಅಸೂಯೆಯಿಂದ ಗಂಡನ ತಮ್ಮನ ಹೆಂಡತಿಯನ್ನು ಅಂಗಭಂಗಗೊಳಿಸುತ್ತಾಳೆ. ಕ್ಟೀಸಿಯಸ್‌ನ ಬರಹಗಳಲ್ಲಿ ರಾಜಮಾತೆ ಪ್ಯಾರಿಸಾಟಿಸ್ ಸೇಡಿನ ಮೂರ್ತಿಯಾಗಿದ್ದಾಳೆ. ಹೀಗೆ ಸಾಮ್ರಾಜ್ಯದ ಪತನಕ್ಕೆ ಅಂತಃಪುರದ ಒಳಸಂಚೇ ಕಾರಣವೆಂಬ ಒಂದು ಸಿದ್ಧ ಕಥನ ಬೆಳೆದು ನಿಂತಿತು.

ಇದಕ್ಕೆ ಎದುರಾಗಿ ಪರ್ಷಿಯಾದ ಅರಸರ ಶಾಸನಗಳು ರಾಣಿಯರ ವಿಷಯದಲ್ಲಿ ಮೌನವಾಗಿವೆ. ಪರ್ಸೆಪೊಲಿಸ್ ಅರಮನೆಯ ಗೋಡೆಗಳ ಉಬ್ಬುಶಿಲ್ಪಗಳಲ್ಲಿ ಕಾಣಿಕೆ ಹೊತ್ತವರು, ಸೈನಿಕರು, ಅಧಿಕಾರಿಗಳ ದೊಡ್ಡ ಸಾಲೇ ಇದ್ದರೂ ಒಬ್ಬ ಸ್ತ್ರೀಯೂ ಇಲ್ಲ. ಉತ್ತರಾಧಿಕಾರದ ಒಂದು ಉದಾಹರಣೆಯನ್ನು ಗಮನಿಸಬಹುದು. ತನಗೆ ಬೇರೆ ಮಕ್ಕಳಿದ್ದರೂ ಡೇರಿಯಸ್ ತನ್ನನ್ನೇ ಆರಿಸಿದನೆಂದು ಕ್ಸೆರ್‌ಕ್ಸೀಸ್ ತನ್ನ ಶಾಸನದಲ್ಲಿ ಹೇಳಿಕೊಳ್ಳುತ್ತಾನೆ. ತಾಯಿಯ ಹೆಸರು ಅಲ್ಲಿ ಬರುವುದಿಲ್ಲ. ಅದೇ ಘಟನೆಯನ್ನು ಹೇಳುವ ಹೆರೊಡೋಟಸ್ ಎಲ್ಲ ಅಧಿಕಾರವೂ ಅಟೊಸ್ಸಾಳ ಕೈಯಲ್ಲಿತ್ತು ಎನ್ನುತ್ತಾನೆ. ಒಂದು ಆಕರದಲ್ಲಿ ಸ್ತ್ರೀ ಇಲ್ಲವೇ ಇಲ್ಲ, ಇನ್ನೊಂದರಲ್ಲಿ ಆಕೆಯೇ ಎಲ್ಲ.

ಈ ಇಕ್ಕಟ್ಟಿನಿಂದ ಅಧ್ಯಯನವನ್ನು ಪಾರುಮಾಡಿದ್ದು ಲೆಕ್ಕಪತ್ರಗಳು. 1933-34ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಪರವಾಗಿ ಅರ್ನ್ಸ್ಟ್ ಹೆರ್ಟ್ಸ್‌ಫೆಲ್ಡ್ ನಡೆಸಿದ ಉತ್ಖನನದಲ್ಲಿ ಪರ್ಸೆಪೊಲಿಸ್ ಕೋಟೆಗೋಡೆಯ ಕೋಣೆಗಳಿಂದ ಸಾವಿರಾರು ಜೇಡಿಮಣ್ಣಿನ ಫಲಕಗಳು ದೊರೆತವು. ಹೆಚ್ಚಿನವು ಎಲಮೈಟ್ ಭಾಷೆಯಲ್ಲಿ ಬರೆದ, ಕ್ರಿ.ಪೂ. 509ರಿಂದ 493ರ ನಡುವಿನ ಉಗ್ರಾಣದ ಲೆಕ್ಕಗಳು. ರಿಚರ್ಡ್ ಹ್ಯಾಲಕ್ 1969ರಲ್ಲಿ ಇಂತಹ 2087 ಫಲಕಗಳ ಪಾಠವನ್ನು ಪ್ರಕಟಿಸಿದನು. ಇವುಗಳಲ್ಲಿ ಡೇರಿಯಸ್‌ನ ರಾಣಿ ಇರ್ತಶ್ದುನಳಿಗೆ 100 ಕುರಿಗಳನ್ನು ಕೊಡಬೇಕೆಂಬ ಅರಸನ ಆಜ್ಞೆಯಿದೆ. ಆಕೆ ತನ್ನ ಮುದ್ರೆಯೊತ್ತಿ ತನ್ನ ಜಮೀನುಗಳಿಂದ ಧಾನ್ಯ, ಮದ್ಯಗಳನ್ನು ಬಿಡಿಸಿಕೊಂಡ ಪತ್ರಗಳಿವೆ. ಗ್ರೀಕ್ ಚರಿತ್ರೆಯಲ್ಲಿ ಎಲ್ಲಿಯೂ ಹೆಸರಿಲ್ಲದ ಇರ್ದಬಾಮ ಎಂಬಾಕೆ ಈ ಲೆಕ್ಕಗಳಲ್ಲಿ ಅತ್ಯಂತ ಪ್ರಬಲ ಸ್ತ್ರೀಯಾಗಿ ಕಾಣಿಸಿಕೊಳ್ಳುತ್ತಾಳೆ. ಇಂದಿನ ಶಿರಾಜ್ ಎಂದು ಗುರುತಿಸಲಾದ ಸ್ಥಳವೊಂದರಲ್ಲೇ ಆಕೆಯ ಅಧೀನದಲ್ಲಿ 480ರಷ್ಟು ಕೆಲಸಗಾರರಿದ್ದರು. ಈ ಆಕರಗಳ ಬಲದಿಂದಲೇ ಮರಿಯಾ ಬ್ರೋಸಿಯಸ್ 1996ರ ತನ್ನ ಗ್ರಂಥದಲ್ಲಿ ಅಂತಃಪುರದ ಸೆರೆಯಾಳು ಎಂಬ ರಾಣಿಯ ಚಿತ್ರವನ್ನು ನಿರಾಕರಿಸಿ, ಭೂಮಿ, ಮುದ್ರೆ, ಆಳುಕಾಳುಗಳುಳ್ಳ ಒಡತಿಯ ಚಿತ್ರವನ್ನು ಮುಂದಿಟ್ಟಳು.

ಆದರೆ ಲೆಕ್ಕಪತ್ರವೂ ನಿಷ್ಪಕ್ಷಪಾತಿಯಲ್ಲ. ಇದೇ ಫಲಕಗಳಲ್ಲಿ ಗಂಡುಮಗುವನ್ನು ಹೆತ್ತ ಕೆಲಸಗಾರ್ತಿಗೆ ಹೆಣ್ಣುಮಗುವನ್ನು ಹೆತ್ತವಳಿಗಿಂತ ಇಮ್ಮಡಿ ಪಡಿ ಕೊಟ್ಟ ದಾಖಲೆಯಿದೆ. ಲೆಕ್ಕವು ತನ್ನ ಕಾಲದ ತರತಮವನ್ನು ಮುಚ್ಚಿಡದೆ ತೋರಿಸುತ್ತದೆ. ಅದರ ಬೆಲೆಯೂ ಅಲ್ಲಿಯೇ ಇದೆ.

3. ಕೆಳದಿಯ ಇಬ್ಬರು ಅರಸಿಯರು

ಮೇಲಿನ ಹಿನ್ನೆಲೆಯಲ್ಲಿ ಕೆಳದಿಯ ಅರಸಿಯರನ್ನು ನೋಡಿದಾಗ ಆಕರಗಳ ಅದೇ ಭೇದ ಎದ್ದು ಕಾಣುತ್ತದೆ. ಲಿಂಗಣ್ಣ ಕವಿಯ 'ಕೆಳದಿನೃಪವಿಜಯ'ವು ಚೆನ್ನಮ್ಮಾಜಿಯನ್ನು ಅರಸರ ಸಾಲಿನಲ್ಲಿಯೇ ಇರಿಸಿ ಆಕೆಯ ಆಳ್ವಿಕೆಯನ್ನು ವರ್ಣಿಸುತ್ತದೆ. ಗಂಡ ಸೋಮಶೇಖರ ನಾಯಕನ ಮರಣಾನಂತರ ಪಟ್ಟವೇರಿದ ಆಕೆ 25 ವರ್ಷ ಆಳಿದಳು. ಬಸಪ್ಪನನ್ನು ದತ್ತು ತೆಗೆದುಕೊಂಡಳು. ಈತನೇ ಮುಂದೆ 'ಶಿವತತ್ತ್ವರತ್ನಾಕರ'ದ ಕರ್ತೃವಾದನು. 1689ರಲ್ಲಿ ಔರಂಗಜೇಬನ ಸೈನ್ಯಕ್ಕೆ ಅಂಜದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತ ಪ್ರಸಂಗದಿಂದ ಆಕೆ ಕನ್ನಡಿಗರ ಮನಸ್ಸಿನಲ್ಲಿ ಅಚ್ಚೊತ್ತಿದ್ದಾಳೆ. ಅದು ಹೆಮ್ಮೆಯ ಪ್ರಸಂಗವೇ ಸರಿ. ಆದರೆ 25 ವರ್ಷಗಳ ಆಳ್ವಿಕೆಯನ್ನು ಒಂದು ಪ್ರಸಂಗಕ್ಕೆ ಇಳಿಸಿದರೆ ಉಳಿದುದೆಲ್ಲ ಕಾಣದಾಗುತ್ತದೆ. 1678ರಲ್ಲಿ ಪೋರ್ಚುಗೀಸರೊಡನೆ ಆಕೆಯ ಆಡಳಿತ ಮಾಡಿಕೊಂಡ ಒಪ್ಪಂದವು ಕರಾವಳಿಯ ವ್ಯಾಪಾರ, ಕೋಠಿ ಮತ್ತು ಇಗರ್ಜಿಗಳಿಗೆ ಸಂಬಂಧಿಸಿದ್ದು. ಕರಾವಳಿಯ ಅಕ್ಕಿ ಸಮುದ್ರದಾಚೆಗೆ ಹೋಗುತ್ತಿದ್ದ ಕಾಲದಲ್ಲಿ ಘಟ್ಟದ ಬುಡದ ರೈತನ ಬದುಕಿಗೆ ಆಶ್ರಯದಾನದ ಪ್ರಸಂಗಕ್ಕಿಂತ ಇಂತಹ ಒಪ್ಪಂದ ಹೆಚ್ಚು ಸಮೀಪದ್ದು.

ವೀರಮ್ಮಾಜಿಯ ಸ್ಥಿತಿ ಇದಕ್ಕೆ ವಿರುದ್ಧವಾದುದು. ಎರಡನೆಯ ಬಸಪ್ಪ ನಾಯಕನ ವಿಧವೆಯಾದ ಆಕೆ, ಆತನ ದತ್ತುಪುತ್ರ ಚೆನ್ನಬಸಪ್ಪ ನಾಯಕನ ಅನಂತರ 1757ರಲ್ಲಿ ಅಧಿಕಾರಕ್ಕೆ ಬಂದಳು. ಮಾರ್ಕ್ ವಿಲ್ಕ್ಸ್ 1810ರಿಂದ 1817ರ ನಡುವೆ ಪ್ರಕಟಿಸಿದ ದಕ್ಷಿಣ ಭಾರತದ ಚರಿತ್ರೆಯಲ್ಲಿ ಆಕೆ ಜಾರೆಯೂ ದತ್ತುಪುತ್ರನನ್ನು ಕೊಲ್ಲಿಸಿದವಳೂ ಆಗಿ ಚಿತ್ರಿತಳಾಗಿದ್ದಾಳೆ. ಈ ಕಥೆ ಯಾರಿಗೆ ಉಪಯುಕ್ತವಾಗಿತ್ತು ಎಂಬುದನ್ನು ಕೇಳಬೇಕಾಗಿದೆ. ಸತ್ತನೆಂದು ಹೇಳಲಾದ ಚೆನ್ನಬಸಪ್ಪ ನಾಯಕ ತಾನೇ ಎಂದು ಹೇಳಿಕೊಂಡ ಒಬ್ಬ ಯುವಕನ ಪಕ್ಷವನ್ನು ಹಿಡಿದು ಹೈದರ್ ಅಲಿ 1763ರಲ್ಲಿ ಬಿದನೂರನ್ನು ಮುತ್ತಿದನು. ರಾಣಿ ಕಳಂಕಿತೆಯಾದಷ್ಟೂ ದಾಳಿಗೆ ನ್ಯಾಯದ ಬಣ್ಣ ಬರುತ್ತಿತ್ತು. ಬಿದನೂರು ಕೈಸೇರಿದ ಬಳಿಕ ರಾಣಿಯೂ ಆ ಯುವಕನೂ ಒಟ್ಟಿಗೆ ಮಧುಗಿರಿಯ ಸೆರೆಗೆ ಹೋದರು. 1767ರಲ್ಲಿ ಮರಾಠರಿಂದ ಬಿಡುಗಡೆಗೊಂಡ ವೀರಮ್ಮಾಜಿ ಪುಣೆಯ ದಾರಿಯಲ್ಲಿ ತೀರಿಕೊಂಡಳು. ಅಟೊಸ್ಸಾ, ಅಮೆಸ್ಟ್ರಿಸ್‌ರನ್ನು ಶತ್ರುದೇಶದ ಬರಹಗಾರರು ಚಿತ್ರಿಸಿದಂತೆಯೇ ವೀರಮ್ಮಾಜಿಯ ಚಿತ್ರವೂ ಆಕೆಯ ರಾಜ್ಯ ಅಳಿದ ಬಳಿಕ ಹೊರಗಿನವರ ಬರಹದಲ್ಲಿ ಸ್ಥಿರಗೊಂಡಿತು. ಆರೋಪ ಸುಳ್ಳೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಆರೋಪವನ್ನೇ ಚರಿತ್ರೆಯೆಂದು ಬೋಧಿಸಲಾಗದು ಎಂಬುದಂತೂ ಸ್ಪಷ್ಟ.

4. ಪಂಜ, ಬೆಳ್ಳಾರೆಯ ಬಾಲರಾಣಿ

ಮೂವರಲ್ಲಿ ಈ ಸೀಮೆಗೆ ಅತ್ಯಂತ ನಿಕಟಳಾದರೂ ಅತ್ಯಂತ ಅಪರಿಚಿತಳಾದವಳು ದೇವಮ್ಮಾಜಿ. ಆಕೆಯ ತಂದೆ ಹಾಲೇರಿ ವಂಶದ ದೊಡ್ಡ ವೀರರಾಜೇಂದ್ರ. ಟಿಪ್ಪುವಿನ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ರಾಜ್ಯವನ್ನು ಮರಳಿ ಕಟ್ಟಿದ ಈತನಿಗೆ ರಾಣಿ ಮಹದೇವಮ್ಮಾಜಿಯಲ್ಲಿ ಹೆಣ್ಣುಮಕ್ಕಳಷ್ಟೇ ಇದ್ದರು. 1807ರಲ್ಲಿ ರಾಣಿ ತೀರಿಕೊಂಡಳು. ಹಿರಿಯ ಮಗಳು ಹಾಗೂ ಆಕೆಯ ಸಂತತಿಗೆ ಪಟ್ಟ ಸಲ್ಲಬೇಕೆಂದು ಅರಸನು ಕಂಪನಿ ಸರಕಾರದ ಒಪ್ಪಿಗೆಯನ್ನು ಕೋರಿ ಪಡೆದನು. ಹಾಲೇರಿ ಅರಸರ 1633ರಿಂದ 1807ರವರೆಗಿನ ಚರಿತ್ರೆಯನ್ನು ಹೇಳುವ 'ರಾಜೇಂದ್ರನಾಮೆ' ಎಂಬ ಕನ್ನಡ ಗದ್ಯಕೃತಿ ಈತನ ಆಶ್ರಯದಲ್ಲಿ ಸಿದ್ಧವಾದುದು ಸಹ ಉತ್ತರಾಧಿಕಾರದ ಈ ಚಿಂತೆಯ ವರ್ಷಗಳಲ್ಲಿಯೇ. 1808ರಲ್ಲಿ ಮಂಗಳೂರಿನಲ್ಲಿ ರಾಬರ್ಟ್ ಅಬರ್‌ಕ್ರಾಂಬಿ ಅದನ್ನು ಇಂಗ್ಲಿಷಿಗೆ ಅನುವಾದಿಸಿದನು. ವಂಶದ ಚರಿತ್ರೆಯನ್ನು ಬರೆಯಿಸಿದ ಕಾಲವೂ ಮಗಳಿಗೆ ಪಟ್ಟ ಕಟ್ಟಲು ಯತ್ನಿಸಿದ ಕಾಲವೂ ಒಂದೇ ಎಂಬ ಅಂಶವನ್ನು ಆ ಕೃತಿಯ ಅಧ್ಯಯನಕಾರರು ಗಮನಿಸಬೇಕಾಗಿದೆ.

1809ರಲ್ಲಿ ತಂದೆ ತೀರಿಕೊಂಡಾಗ ಸುಮಾರು ಹತ್ತು ವರ್ಷದ ದೇವಮ್ಮಾಜಿ ಕೊಡಗಿನ ರಾಣಿಯಾದಳು. ಪಂಜ ಮತ್ತು ಬೆಳ್ಳಾರೆ ಆಗ ಕೊಡಗಿಗೆ ಸೇರಿದ್ದುದರಿಂದ ಆ ಭಾಗದ ರೈತರು ಆಕೆಯ ಪ್ರಜೆಗಳಾದರು. ಆದರೆ ಆಡಳಿತವು ಚಿಕ್ಕಪ್ಪ ಲಿಂಗರಾಜೇಂದ್ರನ ಕೈಗೆ ಹೋಯಿತು. 1811ರಲ್ಲಿ ಆತ ತಾನೇ ಅರಸನೆಂದು ಸಾರಿಕೊಂಡನು. ಮಗಳ ಹಕ್ಕಿಗೆ ಮಾತುಕೊಟ್ಟಿದ್ದ ಕಂಪನಿ ಈ ಬದಲಾವಣೆಯನ್ನು ತಡೆಯಲಿಲ್ಲ. ಆತನ ಮಗ ಚಿಕವೀರರಾಜೇಂದ್ರನ ಕಾಲದಲ್ಲಿ ಆಕೆ ಕೊಲೆಯಾದಳೆಂಬುದು 19ನೇ ಶತಮಾನದ ಕೊಡಗಿನ ಚರಿತ್ರೆಗಳ ಒಕ್ಕಣೆ. ರಾಣಿಯಾಗಿದ್ದ ಎರಡು ವರ್ಷಗಳಲ್ಲಿ ಆಕೆಯ ಹೆಸರಿನಲ್ಲಿ ನಡೆದುದೇನು ಎಂಬುದಕ್ಕೆ ಕಥನಗಳಲ್ಲಿ ಉತ್ತರವಿಲ್ಲ. ಅವುಗಳಿಗೆ ಬೇಕಾದದ್ದು ಅಪಹರಣ ಮತ್ತು ಕೊಲೆ ಮಾತ್ರ.

ಈ ಮರೆವಿಗೆ ಇನ್ನೊಂದು ಕಾರಣ ಹೆಸರುಗಳ ಪುನರಾವೃತ್ತಿ. ಲಿಂಗರಾಜೇಂದ್ರನ ಮಗಳೂ ದೇವಮ್ಮಾಜಿಯೇ. 1832ರಲ್ಲಿ ಗಂಡ ಚೆನ್ನಬಸವನೊಂದಿಗೆ ಮೈಸೂರು ಸೀಮೆಗೆ ಓಡಿಹೋದವಳು ಈಕೆ. ಮಾಸ್ತಿಯವರ 'ಚಿಕವೀರ ರಾಜೇಂದ್ರ' (1956) ಕಾದಂಬರಿಯ ದೇವಮ್ಮಾಜಿಯೂ ಈಕೆಯೇ. ಅದೇ ಕಾದಂಬರಿಯಲ್ಲಿ ರಾಣಿಯ ಹೆಸರು ಗೌರಮ್ಮ. ಚರಿತ್ರೆಯಲ್ಲಿ ಪ್ರಸಿದ್ಧಳಾದ ಗೌರಮ್ಮ ಅರಸನ ಮಗಳು. 1841ರಲ್ಲಿ ಜನಿಸಿದ ಆಕೆಯನ್ನು ತಂದೆ 1852ರಲ್ಲಿ ಇಂಗ್ಲೆಂಡಿಗೆ ಕರೆದೊಯ್ದನು. ಅಲ್ಲಿ ವಿಕ್ಟೋರಿಯಾ ರಾಣಿಯ ಸಮ್ಮುಖದಲ್ಲಿ ಕ್ರೈಸ್ತದೀಕ್ಷೆ ಪಡೆದ ಆಕೆ 1864ರಲ್ಲಿ ನಿಧನಳಾದಳು. ಕಾದಂಬರಿಯ ಸ್ವಾತಂತ್ರ್ಯ ಪ್ರಶ್ನಾತೀತ. ಆದರೆ ತರಗತಿಯಲ್ಲಿ ಕಾದಂಬರಿಯ ಮೂಲಕವೇ ಕೊಡಗಿನ ಚರಿತ್ರೆಯನ್ನು ಅರಿಯುವ ವಿದ್ಯಾರ್ಥಿಗೆ ಪಟ್ಟವೇರಿದ ಬಾಲಕಿ ದೇವಮ್ಮಾಜಿಯೂ ಓಡಿಹೋದ ದೇವಮ್ಮಾಜಿಯೂ ಒಬ್ಬಳೇ ಆಗಿಬಿಡುವ ಅಪಾಯವಿದೆ.

ಅಮ್ಮಾಜಿ ಎಂಬ ಅಂತ್ಯವನ್ನೂ ಇಲ್ಲಿ ಪರಿಶೀಲಿಸಬಹುದು. ಕೆಳದಿ ಮತ್ತು ಕೊಡಗು ಎರಡೂ ಅರಮನೆಗಳಲ್ಲಿ ಆಳುವ ರಾಣಿಗೂ ಆಳದ ರಾಜಕುಮಾರಿಗೂ ಇದೊಂದೇ ಗೌರವಸೂಚಕ. ಪರ್ಸೆಪೊಲಿಸ್ ಫಲಕಗಳಲ್ಲಿಯೂ ಅರಸನ ಹೆಂಡತಿ, ಮಗಳು ಎಂಬ ಭೇದವಿಲ್ಲದೆ ರಾಜಮನೆತನದ ಸ್ತ್ರೀಗೆ 'ದುಕ್ಷಿಶ್' ಎಂಬ ಒಂದೇ ಪದ ಬಳಕೆಯಾಗಿದೆ. ಬಿರುದು ಮನೆತನದ ಸದಸ್ಯತ್ವವನ್ನು ಹೇಳುತ್ತದೆ, ಅಧಿಕಾರದ ಪ್ರಮಾಣವನ್ನು ಹೇಳುವುದಿಲ್ಲ. ಅಧಿಕಾರವನ್ನು ಅಳೆಯಲು ಭೂಮಿ, ಹಣ ಮತ್ತು ಮುದ್ರೆಗಳ ಕಡೆಗೇ ಹೋಗಬೇಕು.

5. ಸೋಗಿನ ಅರಸ ಮತ್ತು ಅರಮನೆಯ ಹೆಣ್ಣು

ಮೂರೂ ಅರಮನೆಗಳ ಚರಿತ್ರೆಯಲ್ಲಿ ಒಂದು ಸಮಾನ ಸನ್ನಿವೇಶವಿದೆ. ಸತ್ತ ಅಥವಾ ಕಣ್ಮರೆಯಾದ ರಾಜಕುಮಾರ ತಾನೇ ಎಂದು ಒಬ್ಬ ಬರುತ್ತಾನೆ. ಪರ್ಷಿಯಾದಲ್ಲಿ ಸೈರಸ್‌ನ ಮಗ ಬರ್ದಿಯನೆಂದು ಹೇಳಿಕೊಂಡು ಗೌಮಾತ ಆಳಿದನೆಂಬುದು ಡೇರಿಯಸ್‌ನ ಬೆಹಿಸ್ತುನ್ ಶಾಸನದ ಮಾತು. ಶಾಸನದಲ್ಲಿ ಆತನನ್ನು ಬಯಲಿಗೆಳೆದ ಸ್ತ್ರೀಯ ಪ್ರಸ್ತಾಪವಿಲ್ಲ. ಹೆರೊಡೋಟಸ್ ಮಾತ್ರ ಒಟಾನಸ್‌ನ ಮಗಳು ಫೈಡಿಮೆ ರಾತ್ರಿ ಅರಸನ ತಲೆ ತಡವಿ, ಕಿವಿಗಳಿಲ್ಲದ್ದನ್ನು ತಿಳಿದು ಗುಟ್ಟು ಬಯಲು ಮಾಡಿದಳೆನ್ನುತ್ತಾನೆ. ಬಿದನೂರಿನಲ್ಲಿ ಚೆನ್ನಬಸಪ್ಪನೆಂದು ಹೇಳಿಕೊಂಡವನ ಎದುರು ರಾಣಿಯೇ ಆರೋಪಿ.

ಸುಳ್ಯದಲ್ಲಿ 1837ರ ರೈತ ಬಂಡಾಯ ಇದೇ ಬಗೆಯ ಸನ್ನಿವೇಶವನ್ನು ಬೇರೆ ಉದ್ದೇಶಕ್ಕೆ ಬಳಸಿತು. ಕಂಪನಿಯು ಕಂದಾಯವನ್ನು ನಗದಿನಲ್ಲಿ ಕೇಳಿದುದು ರೈತರನ್ನು ಕೆರಳಿಸಿತ್ತು. ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರು ಪುಟ್ಟಬಸವ ಎಂಬವನನ್ನು ಹಾಲೇರಿ ವಂಶದ ಕಲ್ಯಾಣಸ್ವಾಮಿಯೆಂದು ಮುಂದಿಟ್ಟು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡರು. ಏಪ್ರಿಲ್ 5ರಂದು ಮಂಗಳೂರನ್ನು ಸೇರಿ ಹದಿಮೂರು ದಿನ ಹಿಡಿದಿಟ್ಟುಕೊಂಡರು. ಕಡಬ ತಾಲೂಕಿಗೆ ಸೇರಿದ ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರು 'ಕಲ್ಯಾಣಸ್ವಾಮಿ' ಮತ್ತು 'ಸ್ವಾಮಿ ಅಪರಂಪಾರ' ಕಾದಂಬರಿಗಳಲ್ಲಿ ಈ ಹೋರಾಟಗಳಿಗೆ ಸಾಹಿತ್ಯದ ರೂಪ ಕೊಟ್ಟರು. ಗಮನಾರ್ಹವಾದ ಸಂಗತಿಯೆಂದರೆ, ಇದೇ ಪಂಜ, ಬೆಳ್ಳಾರೆಗಳು ಕೇವಲ 26 ವರ್ಷ ಹಿಂದೆ ಒಬ್ಬ ರಾಣಿಯ ಅಧೀನದಲ್ಲಿದ್ದವು. ಆದರೂ ಬಂಡಾಯಕ್ಕೆ ಬೇಕಾದದ್ದು ಹಾಲೇರಿಯ ಗಂಡು ಕುಡಿ. ದೇವಮ್ಮಾಜಿಯ ಹೆಸರು ಬಂಡಾಯದ ಕೂಗಾಗಲಿಲ್ಲ. ಪಟ್ಟಕ್ಕೆ ಸಲ್ಲುವವನು ಗಂಡೆಂಬ ನಂಬಿಕೆ ಲಿಂಗರಾಜನ ಅಪಹರಣವನ್ನು ಎಷ್ಟು ಸುಲಭವಾಗಿ ಸಹಜಗೊಳಿಸಿತ್ತು ಎಂಬುದಕ್ಕೆ ಇದು ನಿದರ್ಶನ.

6. ಅಳಿಯಸಂತಾನದ ನೆರೆಯಲ್ಲಿ

ಕೆಳದಿ ಮತ್ತು ಕೊಡಗಿನ ಅರಸರು ಮಕ್ಕಳಕಟ್ಟಿನವರು. ಅವರಲ್ಲಿ ಸ್ತ್ರೀ ಪಟ್ಟವೇರಿದ್ದು ಗಂಡು ಸಂತತಿ ಇಲ್ಲದಾಗ. ಇದೇ ಸೀಮೆಯ ನೆರೆಹೊರೆಯ ತುಳು ಅರಸುಮನೆತನಗಳಾದ ಬಂಗ, ಚೌಟ ಮೊದಲಾದವರಲ್ಲಿ ಅಳಿಯಸಂತಾನವಿದ್ದು ವಂಶ ಸ್ತ್ರೀಯ ಮೂಲಕವೇ ಎಣಿಕೆಯಾಗುತ್ತಿತ್ತು. ಆದರೆ ವಂಶದ ಎಣಿಕೆ ಬೇರೆ, ಆಳುವ ಅಧಿಕಾರ ಬೇರೆ. ಸಹೋದರಿಯ ಮಗ ಆಳುವುದೇ ವಾಡಿಕೆಯಾಗಿದ್ದ ಈ ಪದ್ಧತಿಯಲ್ಲಿಯೂ ಸ್ವತಃ ಆಳಿದ ಸ್ತ್ರೀಯರಿದ್ದರು. ಬಾರಕೂರಿನ ಆಳುಪ ರಾಣಿ ಬಲ್ಲಮಹಾದೇವಿ (1277-1292) ಶಾಸನಗಳಲ್ಲಿ ಪುರುಷ ಅರಸರ ಬಿರುದುಗಳನ್ನೇ ಧರಿಸಿ ಕಾಣಿಸಿಕೊಳ್ಳುತ್ತಾಳೆ. ಉಳ್ಳಾಲದ ರಾಣಿಯನ್ನು ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಕಂಡನು. ಆತನ ಪತ್ರದಲ್ಲಿ ಎರಡು ಬಗೆಯ ಮಾಹಿತಿಯಿದೆ. ರಾಣಿ ತನ್ನ ಮಗನಿಗೆ ವಿಷವಿಕ್ಕಿದಳೆಂಬ ಊರ ಮಾತು ಒಂದು. ಆಕೆ ಬರಿಗಾಲಿನಲ್ಲಿ, ಸಾದಾ ಹತ್ತಿಬಟ್ಟೆಯುಟ್ಟು, ಗದ್ದೆಗೆ ನೀರು ಹಾಯಿಸುವ ಕಾಲುವೆಯ ಕೆಲಸವನ್ನು ನೋಡಲು ಹೋಗುತ್ತಿದ್ದಳೆಂಬ ಕಣ್ಣಾರೆ ಕಂಡ ಸಂಗತಿ ಇನ್ನೊಂದು. ಕಥನ ಮತ್ತು ಕಡತಗಳ ನಡುವಿನ ಅಂತರ ಇಲ್ಲಿ ಒಬ್ಬನೇ ಬರಹಗಾರನ ಪತ್ರದೊಳಗೆ ದೊರೆಯುತ್ತದೆ.

ಮೌಖಿಕ ಪರಂಪರೆಯೂ ಇಲ್ಲಿ ವಿಚಾರಾರ್ಹ. ಕೋಟಿ-ಚೆನ್ನಯರ ಪಾಡ್ದನದ ಭೂಗೋಳ ಪುತ್ತೂರಿನ ಪಡುಮಲೆ, ಸುಳ್ಯ ಭಾಗದ ಪಂಜ, ಕಡಬದ ಎಣ್ಮೂರು. ಮೂರೂ ಕಡೆ ಬಲ್ಲಾಳರು ಆಳುತ್ತಾರೆ. ಆದರೆ ಪಾಡ್ದನದ ಬಹುಪಾಲು ಪಾಠಗಳಲ್ಲಿ ಬಲ್ಲಾಳರ ಬೀಡಿನ ಸ್ತ್ರೀಯರಿಗಿಂತ ಸ್ಪಷ್ಟವಾಗಿ ಮೂಡಿ ನಿಲ್ಲುವವರು ಬಲ್ಲಾಳನ ಗಾಯವನ್ನು ಮಾಗಿಸಿದ ವೈದ್ಯೆ ದೇಯಿ ಬೈದೆತಿ ಮತ್ತು ವೀರರ ಅಕ್ಕ ಕಿನ್ನಿದಾರು. ದುಡಿಯುವ ಸಮುದಾಯ ತಾನು ಕಟ್ಟಿದ ಕಥನದಲ್ಲಿ ಹೆಣ್ಣನ್ನು ನೆನಪಿಟ್ಟುಕೊಂಡದ್ದು ಆಕೆಯ ವಿದ್ಯೆ ಮತ್ತು ಕೆಲಸದ ಮೂಲಕ. ಅರಮನೆಯ ಚರಿತ್ರೆಗಳು ಮಾಡದ್ದನ್ನು ಪಾಡ್ದನ ಮಾಡಿದೆ.

7. ಸಮಾರೋಪ

ಪರ್ಸೆಪೊಲಿಸ್ ಫಲಕಗಳು ಶಾಶ್ವತವಾಗಿ ಉಳಿಯಲೆಂದು ಬರೆದವಲ್ಲ. ದಿನದ ಲೆಕ್ಕ ಮುಗಿದ ಮೇಲೆ ಅವುಗಳಿಗೆ ಬೆಲೆಯಿರಲಿಲ್ಲ. ಹಾಗಿದ್ದೂ ಉಳಿದುವು. ಕನ್ನಡದ ಕಡತವೂ ಅಂತಹುದೇ ಬರಹ. ಹುಣಿಸೆಬೀಜದ ಸರಿಗೆ ಇದ್ದಿಲಪುಡಿ ಬೆರೆಸಿ ಬಳಿದ ಬಟ್ಟೆಯ ಮೇಲೆ ಬಳಪದಿಂದ ಬರೆದ ಈ ಲೆಕ್ಕವನ್ನು ಅಳಿಸಿ ಮತ್ತೆ ಬರೆಯಬಹುದಿತ್ತು. ಮಳೆಗಾಲದ ತೇವಕ್ಕೂ ಗೆದ್ದಲಿಗೂ ಅದು ಬೇಗ ತುತ್ತಾಗುತ್ತದೆ. ಶಿವಪ್ಪನಾಯಕನ ಶಿಸ್ತು, ಶೃಂಗೇರಿ ಮಠದಲ್ಲಿರುವ ಕೆಳದಿ ಅರಸರ ನಿರೂಪಗಳು, ಕೊಡಗಿನ ಲಿಂಗರಾಜನ ಹುಕುಂನಾಮೆ ಮತ್ತು ಶಿಸ್ತು, ಕಂಪನಿಯ ಪತ್ರವ್ಯವಹಾರ ಇವೆಲ್ಲ ವಿದ್ವಾಂಸರಿಗೆ ತಿಳಿದ ಆಕರಗಳೇ. ಕೊಡಗಿನ ಅರಸುಮನೆಯ ಹಣವಿದ್ದ ಸಾಲಪತ್ರಗಳಿಗಾಗಿ ಪದಚ್ಯುತ ಚಿಕವೀರರಾಜೇಂದ್ರ ಲಂಡನ್ನಿನಲ್ಲಿ ಕಂಪನಿಯ ಮೇಲೆ ಹೂಡಿದ ವ್ಯಾಜ್ಯದ ದಾಖಲೆಗಳೂ ಇವೆ. ಇವುಗಳನ್ನು ಕಂದಾಯದ, ಧರ್ಮದ, ಯುದ್ಧದ ಚರಿತ್ರೆಗಾಗಿ ಓದಲಾಗಿದೆ. ಅರಮನೆಯ ಸ್ತ್ರೀಯರ ಆಸ್ತಿ, ಆದಾಯ ಮತ್ತು ಅಧಿಕಾರಗಳ ಚರಿತ್ರೆಗಾಗಿ ಅವುಗಳನ್ನು ಮರಳಿ ಓದುವ ಕೆಲಸ ಆಗಬೇಕಾಗಿದೆ. ಹಾಗೆಯೇ ಪುತ್ತೂರು, ಸುಳ್ಯ, ಕಡಬಗಳ ಬೀಡು, ಗುತ್ತು, ದೇವಸ್ಥಾನಗಳಲ್ಲಿ ಇಂದಿಗೂ ಇರಬಹುದಾದ ಕಡತ, ಓಲೆಗಳನ್ನು ಸ್ಥಳೀಯ ಕಾಲೇಜುಗಳ ಕನ್ನಡ ವಿಭಾಗಗಳು ಗುರುತಿಸಿ ಪ್ರತಿಮಾಡಿಕೊಳ್ಳುವುದು ತುರ್ತಿನ ಕೆಲಸವಾಗಿದೆ.

ಒಟ್ಟಿನಲ್ಲಿ ಚೆನ್ನಮ್ಮಾಜಿಯ ವೀರತೆ, ವೀರಮ್ಮಾಜಿಯ ಕಳಂಕ, ದೇವಮ್ಮಾಜಿಯ ಮರೆವು ಮೂರೂ ಕಥನಗಳ ಆಯ್ಕೆಯ ಫಲ. ಕಥನವು ಅರಸಿಯನ್ನು ಬಿಕ್ಕಟ್ಟಿನ ಗಳಿಗೆಯಲ್ಲಷ್ಟೇ ಕರೆತರುತ್ತದೆ. ಗಂಡ ಸತ್ತಾಗ, ಮಗನಿಲ್ಲದಾಗ, ಸೋಗಿನ ಅರಸ ಬಾಗಿಲಿಗೆ ಬಂದಾಗ ಆಕೆ ಕಾಣಿಸಿಕೊಳ್ಳುತ್ತಾಳೆ. ಉಳಿದ ದಿನಗಳಲ್ಲಿ ಆಕೆ ಏನು ಮಾಡುತ್ತಿದ್ದಳೆಂಬುದನ್ನು ಹೇಳಬಲ್ಲದ್ದು ಲೆಕ್ಕ. ಹತ್ತು ವರ್ಷದ ಬಾಲಕಿಯೊಬ್ಬಳ ಹೆಸರಿನಲ್ಲಿ 1809ರಿಂದ 1811ರವರೆಗೆ ಬೆಳ್ಳಾರೆಯಲ್ಲಿ ಸಂದ ಕಂದಾಯದ ಒಂದು ಕಡತ ದೊರೆತರೂ ಆಕೆ ಅಪಹರಣಕ್ಕೊಳಗಾದವಳು ಎಂಬಲ್ಲಿಗೆ ನಿಲ್ಲದೆ, ಆಳಿದವಳು ಎಂದು ಚರಿತ್ರೆಯಲ್ಲಿ ದಾಖಲಾಗುತ್ತಾಳೆ.